ಮಕ್ಕಳು, ಅಮ್ಮನ ಜೊತೆ ಸಂಸೆ ಕಡೆ ಟೆಂಟ್ ಹಾಕುವುದು: ಏನೇನು ಕಟ್ಟಿಕೊಳ್ಳಬೇಕು?

ಇಂದ್ರಾಳಿ_ಅಪ್ಪ

ನಮಸ್ಕಾರ ಎಲ್ಲರಿಗೂ. ಡಿಸೆಂಬರ್ ಕೊನೆಯ ವಾರ ಮಕ್ಕಳಿಗೆ ರಜೆ. ಕಳಸದ ಹತ್ತಿರ ಸಂಸೆ ಕಡೆ ಹೆಂಡತಿಯ ಚಿಕ್ಕಪ್ಪನವರ ಅಡಿಕೆ ತೋಟ ಉಂಟು. ಅಲ್ಲಿ ಎರಡು ರಾತ್ರಿ ಟೆಂಟ್ ಹಾಕಿ ಇರುವುದು ಎಂದು ಮಾತಾಗಿದೆ. ಮನೆಯೂ ಅಲ್ಲೇ ಇದೆ, ಆದರೆ ಮಕ್ಕಳು ಕೇಳುವುದಿಲ್ಲ. ಟೆಂಟೇ ಆಗಬೇಕಂತೆ, ಅಡುಗೆಯೂ ಹೊರಗೇ ಆಗಬೇಕಂತೆ. ಜಾಗ ಮನೆಯಿಂದ ಸ್ವಲ್ಪ ಕೆಳಗೆ, ತೋಟದ ಅಂಚಿನಲ್ಲಿ, ತೋಡಿನ ಹತ್ತಿರ.

ನಾವು ಐದು ಜನ. ನಾನು, ಹೆಂಡತಿ, ಒಂಬತ್ತು ವರ್ಷದ ಮಗಳು, ಐದು ವರ್ಷದ ಮಗ, ಮತ್ತೆ ನನ್ನ ಅಮ್ಮ. ಅಮ್ಮನಿಗೆ ಅರವತ್ತೈದು ದಾಟಿದೆ, ಬಿಪಿ ಉಂಟು, ಮೊಣಕಾಲು ನೋವೂ ಉಂಟು. ಆದರೂ "ನಾನೂ ಟೆಂಟಿನಲ್ಲೇ ಮಲಗುವುದು" ಎಂದು ಹಟ. ಕಾರು ಚಿಕ್ಕದು. ಡಿಕ್ಕಿಯಲ್ಲಿ ಎರಡು ಸೂಟ್‌ಕೇಸ್ ಇಟ್ಟರೆ ಮುಗಿಯಿತು. ಮೇಲೆ ಕ್ಯಾರಿಯರ್ ಇಲ್ಲ.

ಆನ್‌ಲೈನ್‌ನಲ್ಲಿ ತೆಗೆದ ನಾಲ್ಕು ಜನರ ಟೆಂಟ್ ಒಂದಿದೆ, ಇನ್ನೂ ಬಿಚ್ಚಿಲ್ಲ. ನೆಟ್ಟಿನಲ್ಲಿ ಹುಡುಕಿದರೆ ಸಿಗುವ ಪಟ್ಟಿಗಳೆಲ್ಲ ಹಿಮದಲ್ಲಿ ಮಲಗುವವರಿಗೆ ಬರೆದ ಹಾಗಿವೆ. ಅದರಲ್ಲಿರುವುದನ್ನೆಲ್ಲ ತುಂಬಿಸಿದರೆ ಅಮ್ಮನನ್ನು ಬಸ್ಸಿನಲ್ಲಿ ಕಳಿಸಬೇಕಾದೀತು. ನಿಜವಾಗಿ ಏನು ಬೇಕು, ಏನು ಬೇಡ, ಯಾವುದು ಮನೆಯಲ್ಲಿ ಇರುವುದರಲ್ಲೇ ಆಗುತ್ತದೆ? ಹೊಸದಾಗಿ ತೆಗೆಯಲು ನಾಲ್ಕೈದು ಸಾವಿರದ ಮೇಲೆ ಹೋಗುವ ಮನಸ್ಸಿಲ್ಲ.

ಬಂದರು_ಮೂಲೆ

ಮಾರಾಯ್ರೆ, ಮೊದಲು ಆ ಟೆಂಟನ್ನು ಬಿಚ್ಚಿ. ಈ ಭಾನುವಾರವೇ ಮನೆಯ ಅಂಗಳದಲ್ಲಿ ಒಂದು ಸಲ ಹಾಕಿ ನೋಡಿ, ಆಮೇಲೆ ಮೇಲಿನಿಂದ ಪೈಪಿನಲ್ಲಿ ನೀರು ಬಿಡಿ. ಹತ್ತು ನಿಮಿಷ ಬಿಟ್ಟರೆ ಹೊಲಿಗೆಯಲ್ಲಿ ಎಲ್ಲಿ ಸೋರುತ್ತದೆ ಎಂದು ಗೊತ್ತಾಗುತ್ತದೆ. ಡಿಸೆಂಬರ್‌ನಲ್ಲಿ ಮಳೆ ಎಲ್ಲಿ ಎಂದು ಕೇಳಬೇಡಿ, ಅರಬ್ಬಿ ಸಮುದ್ರದಲ್ಲಿ ಒಂದು ವಾಯುಭಾರ ಕುಸಿತ ಆದರೆ ಸಾಕು. ಮಳೆ ಬಾರದಿದ್ದರೂ ಇಬ್ಬನಿ ಅಂತೂ ಗ್ಯಾರಂಟಿ, ಬೆಳಿಗ್ಗೆ ಟೆಂಟಿನ ಮೇಲ್ಹೊದಿಕೆ ಹಿಂಡುವಷ್ಟು ಒದ್ದೆ ಆಗಿರುತ್ತದೆ.

ಇನ್ನೊಂದು, ನಾಲ್ಕು ಜನರ ಟೆಂಟ್ ಅಂದರೆ ನಾಲ್ಕು ಜನ ಭುಜಕ್ಕೆ ಭುಜ ತಾಗಿಸಿ ಮಲಗುವ ಜಾಗ. ಬ್ಯಾಗಿಗೆ ಜಾಗ ಅದರಲ್ಲಿ ಲೆಕ್ಕವೇ ಇಲ್ಲ. ನಿಮ್ಮ ಇಬ್ಬರು ಮಕ್ಕಳನ್ನು ಸೇರಿಸಿ ನೀವು ನಾಲ್ವರು ಹಿಡಿಸಬಹುದು. ಅಮ್ಮನನ್ನೂ ಅದರಲ್ಲಿ ತುರುಕಿದರೆ ಯಾರಿಗೂ ನಿದ್ದೆ ಇಲ್ಲ. ಅಮ್ಮನ ವಿಷಯಕ್ಕೆ ಆಮೇಲೆ ಬರುತ್ತೇನೆ.

ದುಡ್ಡು ಹಾಕುವುದಾದರೆ ನೆಲದ ಕಡೆ ಹಾಕಿ. ಜನ ಹೊದೆಯುವ ಕಂಬಳಿ ಎರಡೆರಡು ಹೊತ್ತುಕೊಂಡು ಹೋಗುತ್ತಾರೆ, ಚಳಿ ಮಾತ್ರ ಕೆಳಗಿನಿಂದ ಬರುತ್ತದೆ. ದಪ್ಪದ ಫೋಮ್ ಚಾಪೆ, ಸುರುಳಿ ಸುತ್ತುವಂಥದ್ದು, ತಲೆಗೊಂದು ಇರಲಿ. ಅದರ ಮೇಲೆ ಮನೆಯ ಹಳೆಯ ಬೆಡ್‌ಶೀಟ್, ಹೊದೆಯಲು ಮನೆಯದೇ ರಗ್ಗು. ಸ್ಲೀಪಿಂಗ್ ಬ್ಯಾಗ್ ಬೇಡವೇ ಬೇಡ. ಐದು ವರ್ಷದ ಹುಡುಗ ಅದರೊಳಗೆ ಅರ್ಧ ಗಂಟೆಯೂ ಇರುವುದಿಲ್ಲ, ಒದ್ದು ಹೊರಗೆ ಬರುತ್ತಾನೆ.

ಟರ್ಪಾಲು ಎರಡು ಬೇಕು. ಒಂದು ಟೆಂಟಿನ ಅಡಿಗೆ, ಒಂದು ಅಡುಗೆ ಜಾಗದ ಮೇಲೆ ಚಪ್ಪರದ ಹಾಗೆ ಕಟ್ಟಲು. ಅಡಿಯದನ್ನು ಹಾಕುವಾಗ ಒಂದು ವಿಷಯ ನೋಡಿಕೊಳ್ಳಿ: ಟರ್ಪಾಲಿನ ಅಂಚು ಟೆಂಟಿನಿಂದ ಹೊರಗೆ ಕಾಣಬಾರದು. ನಾಲ್ಕೂ ಕಡೆ ಒಂದೊಂದು ಗೇಣು ಒಳಗೆ ಮಡಚಿ. ಹೊರಗೆ ಚಾಚಿದ್ದರೆ ಟೆಂಟಿನ ಮೇಲಿಂದ ಇಳಿದ ನೀರು ಟರ್ಪಾಲಿನ ಮೇಲೆ ಬಿದ್ದು, ಜಾರಿ, ನೇರ ನಿಮ್ಮ ಬೆನ್ನಿನ ಅಡಿಗೆ ಬಂದು ನಿಲ್ಲುತ್ತದೆ. ನೀರು ಬರಬಾರದು ಎಂದು ಹಾಕಿದ್ದೇ ನೀರು ಹಿಡಿದುಕೊಡುತ್ತದೆ.

ಟೆಂಟಿನ ಜೊತೆ ಬರುವ ತೆಳ್ಳಗಿನ ಗೂಟ ನಮ್ಮ ಕಡೆಯ ಗಟ್ಟಿ ನೆಲಕ್ಕೆ ಆಗುವುದಿಲ್ಲ. ಮುರಕಲ್ಲು ಸಿಕ್ಕಿದರೆ ಎರಡು ಪೆಟ್ಟಿಗೆ ಬಗ್ಗುತ್ತದೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಉದ್ದದ ಕಬ್ಬಿಣದ ಮೊಳೆ ಸಿಗುತ್ತದೆ, ಹತ್ತು ಹನ್ನೆರಡು ತೆಗೆದುಕೊಳ್ಳಿ, ತಲೆಗೆ ಬಣ್ಣದ ಬಟ್ಟೆ ಚೂರು ಕಟ್ಟಿ. ಇಲ್ಲವಾದರೆ ರಾತ್ರಿ ಮಕ್ಕಳು ಎಡವಿ ಬೀಳುತ್ತಾರೆ. ಹಗ್ಗಕ್ಕೆ ಮಾತ್ರ ಆನ್‌ಲೈನ್ ನೋಡಬೇಡಿ. ನೀವು ಉಡುಪಿಯವರೇ ಅಲ್ವಾ, ಮಲ್ಪೆ ಬಂದರಿನ ಹತ್ತಿರ ಬಲೆ, ಹಗ್ಗ ಮಾರುವ ಅಂಗಡಿಗೆ ಹೋಗಿ, ದೋಣಿಯವರು ತೆಗೆಯುವ ನೈಲಾನ್ ಹಗ್ಗವನ್ನು ತೂಕದ ಲೆಕ್ಕದಲ್ಲಿ ಕೊಡುತ್ತಾರೆ.

ಗಾಳಿಕಿಂಡಿ ಮುಚ್ಚಬೇಡಿ, ಎಷ್ಟೇ ಚಳಿ ಇರಲಿ. ಮುಚ್ಚಿದರೆ ನಾಲ್ಕು ಜನರ ಉಸಿರೇ ನೀರಾಗಿ ಬೆಳಗಿನ ಜಾವ ಮುಖದ ಮೇಲೆ ತೊಟ್ಟಿಕ್ಕುತ್ತದೆ, ಆಮೇಲೆ ಟೆಂಟ್ ಸೋರುತ್ತದೆ ಎಂದು ಕಂಪೆನಿಗೆ ಬೈಯುವುದು.

ಅಮ್ಮನಿಗೆ: ನೆಲದಿಂದ ಏಳುವುದೇ ಕಷ್ಟ, ಅದೂ ರಾತ್ರಿ ಎರಡು ಸಲ. ಚಿಕ್ಕಪ್ಪನವರ ಮನೆಯಲ್ಲಿ ಮಡಚುವ ಮಂಚ ಒಂದು ಖಂಡಿತ ಇರುತ್ತದೆ. ಅದನ್ನು ಚಪ್ಪರದ ಟರ್ಪಾಲಿನ ಅಡಿಯಲ್ಲಿ ಹಾಕಿ, ಸುತ್ತ ಸೊಳ್ಳೆ ಪರದೆ ಕಟ್ಟಿದರೆ ಅವರಿಗೆ ಅರಮನೆ. ಸಂಜೆ ಅಲ್ಲಿ ಕೂತು ಕಥೆ ಹೇಳಲಿ. ಚಳಿ ತಡೆಯದಿದ್ದರೆ ಮನೆಗೆ ಹೋಗಿ ಮಲಗಲಿ. ದಾರಿ ಎಷ್ಟು ಹೊತ್ತಿನದು?

ಇಂದ್ರಾಳಿ_ಅಪ್ಪ

ಐದು ನಿಮಿಷದ ದಾರಿ ಅಣ್ಣ, ಆದರೆ ಮೆಟ್ಟಿಲು ಮಣ್ಣಿನದು. ಮಂಚದ ಐಡಿಯಾ ಅಮ್ಮನಿಗೆ ಹೇಳಿದೆ. "ಹೊರಗೆ ಮಲಗಿದರೆ ಹುಲಿ ಬರುವುದಿಲ್ವಾ" ಎಂದು ಕೇಳುತ್ತಿದ್ದಾರೆ. ಟೆಂಟಿನೊಳಗಿದ್ದರೆ ಬರುವುದಿಲ್ಲ ಎಂದು ಯಾರು ಹೇಳಿದರೋ ಗೊತ್ತಿಲ್ಲ.

ಘಟ್ಟದ_ಮೇಲಿನವ

ನಾನು ಕೊಪ್ಪ ಕಡೆಯವನು, ಕೆಲಸ ಮಂಗಳೂರಿನಲ್ಲಿ. ಹುಲಿ ಬಿಡಿ, ನಿಮ್ಮ ಅಮ್ಮನಿಗೆ ಕಾಟಿ ಬಗ್ಗೆ ಹೇಳಿ. ಕುದುರೆಮುಖದ ಸುತ್ತಲಿನ ತೋಟಗಳಿಗೆ ರಾತ್ರಿ ಕಾಡುಕೋಣ ಇಳಿಯುವುದು ಸಾಮಾನ್ಯ. ಅದರ ದಾರಿಗೆ ಅಡ್ಡ ಟೆಂಟ್ ಹಾಕದಿದ್ದರೆ ಅದರ ಪಾಡಿಗೆ ಅದು ಹೋಗುತ್ತದೆ. ಆದ್ದರಿಂದ ತೋಡಿನ ಹತ್ತಿರ ಅಂದಿರಲ್ಲ, ಪ್ರಾಣಿಗಳು ನೀರಿಗೆ ಇಳಿಯುವ ಜಾಗ ಯಾವುದು ಎಂದು ಚಿಕ್ಕಪ್ಪನವರನ್ನೇ ಕೇಳಿ. ಗೊರಸಿನ ಗುರುತು ನೋಡಿದರೆ ಅವರಿಗೆ ಗೊತ್ತಾಗುತ್ತದೆ. ತಿಂಡಿ ಡಬ್ಬಿ, ಬಾಳೆಹಣ್ಣು ಯಾವುದನ್ನೂ ಟೆಂಟಿನೊಳಗೆ ಇಡಬೇಡಿ. ರಾತ್ರಿ ಹಂದಿ, ಹಗಲು ಮಂಗ. ಕಾರಿನೊಳಗೆ ಹಾಕಿ ಗಾಜು ಏರಿಸಿಬಿಡಿ.

ಅಡಿಕೆ ಮರದ ಕೆಳಗೆ ಟೆಂಟ್ ಬೇಡ. ಫೋಟೋಗೆ ಚೆಂದ ಬರುತ್ತದೆ, ಆದರೆ ಹಾಳೆ ಬೀಳುತ್ತದೆ. ಒಣಗಿದ ಸೋಗೆ ಹಾಳೆ ಸಮೇತ ನಲವತ್ತು ಅಡಿ ಮೇಲಿಂದ ಬಿದ್ದರೆ ಟೆಂಟಿನ ಕೋಲು ಮುರಿಯುತ್ತದೆ, ಕೆಳಗೆ ಮಗುವಿನ ತಲೆ ಇದ್ದರೆ ಗತಿ ಏನು. ಅಂಗಳದಲ್ಲಿ ಹಾಕೋಣ ಅಂದರೆ ಡಿಸೆಂಬರ್ ಕೊಯ್ಲಿನ ಕಾಲ, ಅಂಗಳ ತುಂಬ ಅಡಿಕೆ ಹರವಿರುತ್ತಾರೆ. ಬಯಲು ಗದ್ದೆ ಇದ್ದರೆ ಅಲ್ಲಿ ಹಾಕಿ. ಕೊಯ್ಲಾದ ಗದ್ದೆಯಲ್ಲಿ ಕೂಳೆ ಚುಚ್ಚುತ್ತದೆ, ಮೊದಲು ಕತ್ತಿಯಲ್ಲಿ ಸವರಿ ಸಮ ಮಾಡಿಸಿ.

ಈಗ ಮುಖ್ಯ ವಿಷಯ. ಇದನ್ನು ಪ್ರವಾಸದ ಪಟ್ಟಿಗಳಲ್ಲಿ ಯಾರೂ ಬರೆಯುವುದಿಲ್ಲ, ಮಲೆನಾಡಿನವರಿಗೆ ಮಾತ್ರ ಬಾಯಿಪಾಠ. ಮಂಗನ ಕಾಯಿಲೆ. ಮಂಗಗಳಿಗೂ ಮನುಷ್ಯರಿಗೂ ಬರುವ ಜ್ವರ ಇದು, 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದದ್ದು. ಈಗ ನಮ್ಮ ಕೊಪ್ಪ, ಶೃಂಗೇರಿ, ಎನ್.ಆರ್.ಪುರ ಕಡೆಯೂ ಕಾಣಿಸಿಕೊಂಡಿದೆ. ಉಣ್ಣೆ ಕಚ್ಚಿ ಬರುತ್ತದೆ. ಉಣ್ಣೆ ಅಂದರೆ ದನದ ಕಿವಿಯಲ್ಲಿ ಊದಿಕೊಂಡು ನೇತಾಡುವ ದೊಡ್ಡದು ಎಂದುಕೊಳ್ಳಬೇಡಿ. ಕಚ್ಚುವುದು ಎಳ್ಳು ಕಾಳಿಗಿಂತ ಸಣ್ಣ ಮರಿ, ಕಣ್ಣಿಗೆ ಬೀಳುವುದೇ ಕಷ್ಟ. ಅದರ ಕಾಲ ಡಿಸೆಂಬರ್‌ನಿಂದ ಮೇ, ಅಂದರೆ ಸರಿಯಾಗಿ ನೀವೆಲ್ಲ ಘಟ್ಟ ಹತ್ತುವ ಕಾಲ.

ಹೆದರಿಸುತ್ತಿಲ್ಲ. ನಾವು ವರ್ಷವಿಡೀ ಅಲ್ಲೇ ಇರುವವರು. ಮಾಡಬೇಕಾದ್ದು ಇಷ್ಟೇ: ತರಗೆಲೆ ರಾಶಿಯ ಮೇಲೆ ಕೂರಬೇಡಿ, ಮಕ್ಕಳನ್ನು ಅದರಲ್ಲಿ ಹೊರಳಾಡಲು ಬಿಡಬೇಡಿ. ತಿಳಿ ಬಣ್ಣದ ಉದ್ದ ಪ್ಯಾಂಟ್, ಅದನ್ನು ಸಾಕ್ಸಿನ ಒಳಗೆ ತುರುಕಿ. ತಿಳಿ ಬಣ್ಣ ಯಾಕೆ ಅಂದರೆ ಉಣ್ಣೆ ಹತ್ತಿದ್ದು ಕಾಣಬೇಕು. ಡೆಪಾ ಎಣ್ಣೆ ಎಂದು ಆರೋಗ್ಯ ಇಲಾಖೆಯವರು ನಮ್ಮ ಕಡೆ ಹಂಚುತ್ತಾರೆ, ಉಣ್ಣೆ ಹತ್ತದ ಹಾಗೆ ತೋಟಕ್ಕೆ ಹೋಗುವವರು ಕೈಕಾಲಿಗೆ ಹಚ್ಚಿಕೊಳ್ಳುವುದು. ಅಲ್ಲಿಯ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಅಥವಾ ಆಶಾ ಕಾರ್ಯಕರ್ತೆಯರ ಹತ್ತಿರ ವಿಚಾರಿಸಲು ಚಿಕ್ಕಪ್ಪನವರಿಗೆ ಈಗಲೇ ಹೇಳಿ. ಸಂಜೆ ಎಲ್ಲರಿಗೂ ಬಿಸಿನೀರು, ಸೋಪು ಹಾಕಿ ಸ್ನಾನ. ಮಕ್ಕಳ ಕಿವಿ ಹಿಂದೆ, ಕಂಕುಳು, ಸೊಂಟದ ಉಡುದಾರದ ಹತ್ತಿರ, ಮಂಡಿ ಹಿಂದೆ ಟಾರ್ಚ್ ಹಿಡಿದು ನೋಡಿ. ಹತ್ತಿದ್ದು ಸಿಕ್ಕಿದರೆ ಸಣ್ಣ ಚಿಮ್ಮಟದಲ್ಲಿ ಚರ್ಮದ ಹತ್ತಿರವೇ ಹಿಡಿದು ನೇರಕ್ಕೆ ಎಳೆಯಿರಿ. ಬೀಡಿ ತಾಗಿಸುವುದು, ಸೀಮೆಎಣ್ಣೆ ಹಾಕುವುದು ಬೇಡ. ಹತ್ತಿರದಲ್ಲಿ ಎಲ್ಲಾದರೂ ಮಂಗ ಸತ್ತಿದೆ ಎಂದು ಸುದ್ದಿ ಇದ್ದರೆ ಕಾರ್ಯಕ್ರಮವನ್ನೇ ಮುಂದೂಡಿ.

ಜಿಗಣೆ ಡಿಸೆಂಬರ್‌ಗೆ ಕಮ್ಮಿ, ಆದರೆ ತೋಡಿನ ಬದಿಯ ತಂಪಲ್ಲಿ ಒಂದೆರಡು ಇದ್ದೇ ಇರುತ್ತವೆ. ಉಪ್ಪು, ಸುಣ್ಣ ಸಾಕು. ಅದರಿಂದ ಕಾಯಿಲೆ ಏನಿಲ್ಲ, ಮಕ್ಕಳಿಗೆ ಕಿರುಚಲು ಒಂದು ಕಾರಣ ಅಷ್ಟೇ.

ಸುಮ್ನೆ_ಓದುವವ

ಇಷ್ಟೆಲ್ಲ ಯಾಕೆ ಸ್ವಾಮಿ? ಪಡುಬಿದ್ರಿಯೋ ಮರವಂತೆಯೋ, ಮನೆ ಹತ್ತಿರ ಒಂದು ಬೀಚಿನಲ್ಲಿ ಟೆಂಟ್ ಹಾಕಿ. ಉಣ್ಣೆಯೂ ಇಲ್ಲ, ಕಾಟಿಯೂ ಇಲ್ಲ.

ಬಂದರು_ಮೂಲೆ

ಬೀಚಿನಲ್ಲಿ ಎಲ್ಲಿ ಬೇಕಾದಲ್ಲಿ ರಾತ್ರಿ ಉಳಿಯಲು ಬಿಡುವುದಿಲ್ಲ, ಪಂಚಾಯತ್ ಅಥವಾ ಬೀಚ್ ನೋಡಿಕೊಳ್ಳುವವರನ್ನು ಕೇಳಬೇಕು. ಪಡುಬಿದ್ರಿಯದು ಬ್ಲೂ ಫ್ಲ್ಯಾಗ್ ಬೀಚ್, ಅಲ್ಲಿಯ ನಿಯಮ ಬೇರೆಯೇ. ಕುಂದಾಪುರದ ಕೋಡಿ ಕಡೆ ಚಳಿಗಾಲದಲ್ಲಿ ಕಡಲಾಮೆ ಮೊಟ್ಟೆ ಇಡಲು ಬರುತ್ತವೆ, ಅಲ್ಲಿ ರಾತ್ರಿ ಲೈಟು, ಬೆಂಕಿ ಹಾಕುವುದು ಸರಿಯಲ್ಲ. ಹೋಂಸ್ಟೇಯವರ ಜಾಗದಲ್ಲಿ ಹಾಕುವುದಾದರೆ ಉಬ್ಬರದ ಸಮಯ ನೋಡಿಕೊಳ್ಳಿ, ಹುಣ್ಣಿಮೆ ಅಮಾವಾಸ್ಯೆಗೆ ನೀರು ಇನ್ನೂ ಮೇಲೆ ಬರುತ್ತದೆ. ಮರಳಿನಲ್ಲಿ ಗೂಟ ನಿಲ್ಲುವುದಿಲ್ಲ. ಬಟ್ಟೆ ಚೀಲಕ್ಕೆ ಮರಳು ತುಂಬಿ, ಹಗ್ಗ ಕಟ್ಟಿ, ಒಂದು ಮೊಳ ಆಳಕ್ಕೆ ಹೂಳಬೇಕು. ಇಂದ್ರಾಳಿಯವರಿಗೆ ಸ್ವಂತದವರ ತೋಟ ಇರುವಾಗ ಈ ಪಂಚಾಯ್ತಿ ಯಾಕೆ?

ತೆಂಗಿನೆಣ್ಣೆ_ಅಕ್ಕ

ನಾನು ಅಡುಗೆ ಮಾತ್ರ ಹೇಳುತ್ತೇನೆ, ಗಂಡಸರು ಗೂಟದ ಬಗ್ಗೆ ಪುಟಗಟ್ಟಲೆ ಬರೆಯುತ್ತಾರೆ, ಊಟಕ್ಕೆ ಎಂತ ಎಂದು ಯಾರೂ ಕೇಳುವುದಿಲ್ಲ.

ಕುಚ್ಚಲಕ್ಕಿಯನ್ನು ಸಣ್ಣ ಗ್ಯಾಸ್ ಸ್ಟವ್ವಿನಲ್ಲಿ ಬೇಯಿಸಲು ಹೋಗಬೇಡಿ, ಡಬ್ಬಿ ಖಾಲಿಯಾದರೂ ಅನ್ನ ಆಗುವುದಿಲ್ಲ. ಅಮ್ಮನಿಗೆ ಗಂಜಿ ಬೇಕೇ ಬೇಕು ಎಂದಿದ್ದರೆ ಅಗಲ ಬಾಯಿಯ ಒಳ್ಳೆಯ ಥರ್ಮಾಸ್ ಒಂದು ಇರಲಿ. ರಾತ್ರಿ ಅಕ್ಕಿ ತೊಳೆದು, ಧಾರಾಳ ನೀರಿನಲ್ಲಿ ಹತ್ತು ನಿಮಿಷ ಕುದಿಸಿ, ಕುದಿಯುತ್ತಿರುವಾಗಲೇ ಥರ್ಮಾಸಿಗೆ ಸುರಿದು ಮುಚ್ಚಿ. ಅದಕ್ಕೂ ಮೊದಲು ಥರ್ಮಾಸಿನೊಳಗೆ ಬಿಸಿನೀರು ಹಾಕಿ ಚೆಲ್ಲಿರಬೇಕು, ಇಲ್ಲವಾದರೆ ತಣ್ಣಗಿನ ಗೋಡೆಯೇ ಬಿಸಿ ಎಳೆದುಕೊಳ್ಳುತ್ತದೆ. ಬೆಳಿಗ್ಗೆ ತೆಗೆದರೆ ಅಕ್ಕಿ ಅರಳಿರುತ್ತದೆ, ಸ್ವಲ್ಪ ಗಟ್ಟಿ ಅನಿಸಿದರೆ ಮತ್ತೆ ಒಂದು ಕುದಿ. ಜೊತೆಗೆ ಮಿಡಿ ಉಪ್ಪಿನಕಾಯಿ.

ಮೊದಲ ದಿನದ್ದು ಮನೆಯಿಂದಲೇ ಹೋಗಲಿ. ಮೂಡೆ ಅಥವಾ ಪುಂಡಿ ಮಾಡಿಕೊಳ್ಳಿ, ಚಳಿಗೆ ಮರುದಿನ ಬೆಳಿಗ್ಗೆವರೆಗೆ ಏನೂ ಆಗುವುದಿಲ್ಲ. ತೆಂಗಿನಕಾಯಿ ಚಟ್ನಿ ಮಾತ್ರ ಒಯ್ಯಬೇಡಿ, ಹಳಸುತ್ತದೆ, ಒಣ ಚಟ್ನಿಪುಡಿ ಆಗಬಹುದು. ಮೀನು, ಮಾಂಸ ತಿನ್ನುವವರಾದರೆ ಕೋರಿ ರೊಟ್ಟಿಯ ಪ್ಯಾಕೆಟ್ ಒಳ್ಳೆಯದು, ತೂಕ ಇಲ್ಲ, ಆದರೆ ಎಲ್ಲದಕ್ಕಿಂತ ಮೇಲೆ ಇಡಿ, ಇಲ್ಲವಾದರೆ ಪುಡಿಯೇ ಸಿಗುವುದು. ಸಾರಿಗೆ ಮಸಾಲೆ ಮನೆಯಲ್ಲೇ ಹುರಿದು ಪುಡಿ ಮಾಡಿ ಕಟ್ಟಿಕೊಳ್ಳಿ. ಬೆಳಗಿನ ತಿಂಡಿಗೆ ಸಜ್ಜಿಗೆ ಬಜಿಲ್. ರವೆ, ಅವಲಕ್ಕಿ ಎರಡೂ ಹಗುರ, ಗ್ಯಾಸೂ ಕಮ್ಮಿ ಸಾಕು.

ಪಾತ್ರೆ ಎರಡು, ಒಂದರೊಳಗೆ ಇನ್ನೊಂದು ಕೂರುವಂಥದ್ದು, ಒಂದು ಕಾವಲಿ, ಒಂದು ಸೌಟು, ಒಂದು ಚೂರಿ. ತಟ್ಟೆ ಬೇಡ, ತೋಟದಲ್ಲಿ ಬಾಳೆ ಎಲೆ ಇಲ್ವಾ? ತೊಳೆಯುವ ಕೆಲಸವೂ ತಪ್ಪಿತು. ಸ್ಟೀಲ್ ಲೋಟ ತಲೆಗೊಂದು. ಬೈರಾಸು ನಾಲ್ಕು ಜಾಸ್ತಿಯೇ ಹಾಕಿ. ಬಿಸಿ ಪಾತ್ರೆ ಇಳಿಸಲು, ಮೈ ಒರೆಸಲು, ತಲೆಗೆ ಕಟ್ಟಲು, ಎಲ್ಲದಕ್ಕೂ ಅದೇ. ದಪ್ಪ ಟರ್ಕಿ ಟವೆಲ್ ಒಮ್ಮೆ ಒದ್ದೆಯಾದರೆ ಆ ಇಬ್ಬನಿಯಲ್ಲಿ ಒಣಗುವುದೇ ಇಲ್ಲ.

ಸ್ಟವ್ ಟೆಂಟಿನ ಒಳಗೆ ಖಂಡಿತ ಬೇಡ, ಕೆಂಡದ ಬಾಣಲೆಯೂ ಬೇಡ. ಬೆಂಕಿ ಹತ್ತುತ್ತದೆ ಎಂದು ಮಾತ್ರ ಅಲ್ಲ, ವಿಷಗಾಳಿ ತುಂಬಿ ಮಲಗಿದವರು ಏಳುವುದಿಲ್ಲ. ಗಾಳಿ ಬರುತ್ತದೆ ಎಂದು ಸ್ಟವ್ವಿನ ಸುತ್ತ ತಗಡು ಬಿಗಿಯಾಗಿ ಸುತ್ತಬೇಡಿ, ಅಡಿಯ ಗ್ಯಾಸ್ ಡಬ್ಬಿ ಬಿಸಿಯಾಗುತ್ತದೆ. ನನ್ನನ್ನು ಕೇಳಿದರೆ ಆ ಸ್ಟವ್ವೇ ದಂಡ. ಮೂರು ಕಲ್ಲು ಹೂಡಿ ಒಲೆ ಮಾಡಿ, ತೋಟದ ಸೋಗೆ, ತೆಂಗಿನ ಗೆರಟೆ ಹಾಕಿದರೆ ಮಕ್ಕಳಿಗೂ ಖುಷಿ. ಪಾತ್ರೆಯ ಹೊರಮೈಗೆ ಮೊದಲೇ ಒದ್ದೆ ಬೂದಿ ಬಳಿದರೆ ಮಸಿ ಬೇಗ ಹೋಗುತ್ತದೆ.

ನೀರು! ತೋಡಿನ ನೀರು ಎಷ್ಟು ತಿಳಿ ಇದ್ದರೂ ನೇರ ಕುಡಿಯುವುದು ಬೇಡ. ಕುದಿಸಿದರೆ ಕ್ರಿಮಿ ಸಾಯುತ್ತದೆ, ಮೇಲಿನ ತೋಟದವರು ಹೊಡೆದ ಔಷಧಿ ಹೋಗುವುದಿಲ್ಲ. ಚಿಕ್ಕಪ್ಪನ ಮನೆಯ ಬಾವಿಯದ್ದನ್ನೇ ಇಪ್ಪತ್ತು ಲೀಟರಿನ ಕ್ಯಾನಿಗೆ ತುಂಬಿ ಕೆಳಗೆ ಇಳಿಸಿ. ಖಾಲಿ ಕ್ಯಾನ್ ಒಯ್ಯುವಾಗ ಅದರೊಳಗೇ ಹಗ್ಗ, ಮೊಳೆ ತುರುಕಬೇಡಿ ಮತ್ತೆ, ಕುಡಿಯುವ ನೀರಿನದ್ದು ಅದು.

ಇಂದ್ರಾಳಿ_ಅಪ್ಪ

ಅಕ್ಕ, ಹೆಂಡತಿ ಇದನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡಳು. ಸ್ಟವ್ ಕೈಬಿಟ್ಟೆವು, ಮೂರು ಕಲ್ಲಿನ ಒಲೆಯೇ.

ಘಟ್ಟದವರೇ, ಮಂಗನ ಕಾಯಿಲೆಗೆ ಲಸಿಕೆ ಇತ್ತಲ್ವಾ, ಹೋಗುವ ಮೊದಲು ಹಾಕಿಸಬಹುದಾ? ಮತ್ತೆ ಔಷಧದ ಡಬ್ಬಿಯಲ್ಲಿ ಏನೇನು ಇರಬೇಕು? ಮಗನಿಗೆ ತಿರುವಿನ ದಾರಿಯಲ್ಲಿ ವಾಂತಿ ಆಗುತ್ತದೆ, ಅದಕ್ಕೂ ಹೇಳಿ.

ರಾತ್ರಿಪಾಳಿ_ಸಿಸ್ಟರ್

ನಾನು ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನರ್ಸ್. ಹಳೆಯ ಲಸಿಕೆ ಪರಿಣಾಮ ಸಾಲದು ಎಂದು ಕೊಡುವುದು ನಿಲ್ಲಿಸಿದ್ದಾರೆ. ಹಾಗಾಗಿ ಉಣ್ಣೆ ಕಚ್ಚದ ಹಾಗೆ ನೋಡಿಕೊಳ್ಳುವುದೇ ದಾರಿ. ಮನೆಗೆ ಬಂದ ಮೇಲೆ ಎರಡು ವಾರ ಗಮನ ಇರಲಿ. ಇದ್ದಕ್ಕಿದ್ದ ಹಾಗೆ ಜ್ವರ, ತಲೆನೋವು, ಮೈಕೈ ನೋವು ಬಂದರೆ ಡಾಕ್ಟರ ಹತ್ತಿರ ಹೋಗಿ "ಮಲೆನಾಡಿನ ತೋಟದಲ್ಲಿ ಮಲಗಿದ್ದೆವು" ಎಂದು ನೀವೇ ಬಾಯಿಬಿಟ್ಟು ಹೇಳಿ. ಹೇಳದಿದ್ದರೆ ನಮ್ಮೂರಲ್ಲಿ ಮಲೇರಿಯಾ, ಡೆಂಗಿ ಎಂದೇ ಹುಡುಕುತ್ತಾರೆ. ಅಂಥ ಜ್ವರಕ್ಕೆ ಪ್ಯಾರಸಿಟಮಾಲ್ ಮಾತ್ರ. ಬ್ರುಫೆನ್, ಆಸ್ಪಿರಿನ್ ಜಾತಿಯದ್ದು ನೀವಾಗಿ ಕೊಡಬೇಡಿ, ರಕ್ತಸ್ರಾವದ ಅಪಾಯ ಇರುತ್ತದೆ.

ಡಬ್ಬಿ ಚಿಕ್ಕದಿರಲಿ. ಪ್ಯಾರಸಿಟಮಾಲ್ ಮಕ್ಕಳದ್ದು ಮತ್ತು ದೊಡ್ಡವರದ್ದು. ಮಕ್ಕಳಿಗೆ ಎಷ್ಟು ಎಂಬುದು ತೂಕದ ಲೆಕ್ಕ, ನಿಮ್ಮ ಡಾಕ್ಟರನ್ನು ಕೇಳಿ ಬಾಟಲಿಯ ಮೇಲೆಯೇ ಬರೆದು ಅಂಟಿಸಿ. ಓಆರ್‌ಎಸ್ ನಾಲ್ಕು ಪ್ಯಾಕೆಟ್. ಪ್ಯಾಕೆಟ್ ಹಿಂದೆ ಎಷ್ಟು ನೀರು ಎಂದು ಬರೆದಿರುತ್ತಾರೆ, ಸಾಮಾನ್ಯವಾಗಿ ದೊಡ್ಡ ಪ್ಯಾಕೆಟಿಗೆ ಒಂದು ಲೀಟರ್. ಲೋಟಕ್ಕೆ ಚೂರು ಚೂರು ಉದುರಿಸಿ ಕೊಡುವವರನ್ನು ದಿನಾ ನೋಡುತ್ತೇನೆ, ಅದು ಉಪಕಾರಕ್ಕಿಂತ ಉಪದ್ರ ಜಾಸ್ತಿ. ಗಾಯಕ್ಕೆ ಬೆಟಾಡಿನ್, ಗಾಜ್, ಟೇಪು, ಒಂದು ಅಗಲದ ಕ್ರೇಪ್ ಬ್ಯಾಂಡೇಜ್, ಚಿಮ್ಮಟ, ತುರಿಕೆಗೆ ಕ್ಯಾಲಮೈನ್. ಅಮ್ಮನ ಬಿಪಿ ಮಾತ್ರೆ ಎರಡು ದಿನದ್ದಲ್ಲ, ವಾರದ್ದು ಇರಲಿ, ಅದರಲ್ಲಿ ಅರ್ಧ ನಿಮ್ಮ ಬ್ಯಾಗಿನಲ್ಲಿ, ಅರ್ಧ ಅವರ ಪರ್ಸಿನಲ್ಲಿ. ವಾಂತಿಗೆ ಮಾತ್ರೆ ಬೇಕಿದ್ದರೆ ಮಕ್ಕಳ ಡಾಕ್ಟರನ್ನೇ ಕೇಳಿ, ಅದನ್ನು ಘಾಟಿ ಶುರುವಾದ ಮೇಲೆ ಅಲ್ಲ, ಮನೆ ಬಿಡುವಾಗ ಕೊಡಬೇಕು. ಹೊಟ್ಟೆ ತುಂಬ ಮಸಾಲೆದೋಸೆ ತಿನ್ನಿಸಿ ಹೊರಡಬೇಡಿ. ಮೊಬೈಲ್ ನೋಡಲು ಕೊಟ್ಟರೆ ಇನ್ನೂ ಜಾಸ್ತಿ.

ಹಾವು ಕಚ್ಚಿದರೆ ಕಟ್ಟಬೇಡಿ, ಕುಯ್ಯಬೇಡಿ, ಹೀರಬೇಡಿ, ಹಾವನ್ನು ಹುಡುಕುತ್ತಾ ಹೊತ್ತು ಕಳೆಯಬೇಡಿ. ಕೈಕಾಲು ಅಲುಗಾಡದ ಹಾಗೆ ಇಟ್ಟು ಆಸ್ಪತ್ರೆಗೆ. ವಿಷಕ್ಕೆ ಕೊಡುವ ಚುಚ್ಚುಮದ್ದು ಹತ್ತಿರದಲ್ಲಿ ಯಾವ ಆಸ್ಪತ್ರೆಯಲ್ಲಿ ಸದಾ ಇರುತ್ತದೆ ಎಂದು ಚಿಕ್ಕಪ್ಪನವರಿಂದ ಕೇಳಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, 108 ಎಷ್ಟು ಹೊತ್ತಿಗೆ ಬರುತ್ತದೆ ಎಂದೂ ಅವರಿಗೇ ಗೊತ್ತಿರುತ್ತದೆ. ಬೆಳಿಗ್ಗೆ ಶೂ ಕೊಡವದೆ ಯಾರೂ ಹಾಕಬಾರದು. ರಾತ್ರಿ ಬರಿಗಾಲಲ್ಲಿ, ಬೆಳಕಿಲ್ಲದೆ ಒಂದು ಹೆಜ್ಜೆಯೂ ಬೇಡ. ಇದಕ್ಕೆ ತಲೆಗೆ ಕಟ್ಟುವ ಟಾರ್ಚ್ ಐದು ತೆಗೆಯಿರಿ, ಅಮ್ಮನಿಗೂ ಸೇರಿಸಿ. ನಿಮ್ಮ ನಾಲ್ಕೈದು ಸಾವಿರದಲ್ಲಿ ಇದಕ್ಕೇ ಮೊದಲ ಸ್ಥಾನ. ಮೊಬೈಲಿನ ಲೈಟು ಲೆಕ್ಕಕ್ಕಿಲ್ಲ, ಒಂದು ಕೈ ಅದಕ್ಕೇ ಹೋಗುತ್ತದೆ.

ಘಟ್ಟದ_ಮೇಲಿನವ

ಸಿಸ್ಟರ್ ಸರಿಯಾಗಿ ಹೇಳಿದರು. ಮೊಬೈಲ್ ಅಂದ ಮೇಲೆ ನೆನಪಾಯಿತು, ಮಾಳದಿಂದ ಮೇಲೆ ಕಾಡಿನ ದಾರಿಯಲ್ಲಿ ನೆಟ್‌ವರ್ಕ್ ನಂಬಬೇಡಿ. ಮ್ಯಾಪನ್ನು ಮನೆಯಲ್ಲೇ ಡೌನ್‌ಲೋಡ್ ಮಾಡಿ, ಚಿಕ್ಕಪ್ಪನವರ ಲ್ಯಾಂಡ್‌ಲೈನ್ ಇದ್ದರೆ ನಂಬರ್ ಕಾಗದದಲ್ಲಿ ಬರೆದುಕೊಳ್ಳಿ. ಪೆಟ್ರೋಲ್ ಕಾರ್ಕಳದಲ್ಲೇ ತುಂಬಿಸಿ. ನಡುವೆ ರಾಷ್ಟ್ರೀಯ ಉದ್ಯಾನ, ಚೆಂದದ ತಿರುವು ಕಂಡಿತು ಎಂದು ಕಾರು ನಿಲ್ಲಿಸಿ ಬುತ್ತಿ ಬಿಚ್ಚುವ ಹಾಗಿಲ್ಲ. ಮಕ್ಕಳ ಕೈಯಿಂದ ಚಿಪ್ಸ್ ಕವರು ಹೊರಗೆ ಬೀಳದ ಹಾಗೆ ನೋಡಿಕೊಳ್ಳಿ. ಬುತ್ತಿ ಬಜಗೋಳಿ ಹತ್ತಿರ ಮುಗಿಸಿಬಿಡಿ.

ಇಂದ್ರಾಳಿ_ಅಪ್ಪ

ಸರಿ. ಹೊಸದಾಗಿ ತೆಗೆಯುವುದು: ಐದು ಟಾರ್ಚ್, ಎರಡು ಟರ್ಪಾಲು, ಫೋಮ್ ಚಾಪೆ, ಹಗ್ಗ, ಮೊಳೆ. ಥರ್ಮಾಸ್ ಅತ್ತೆಯವರಲ್ಲಿ ಉಂಟು. ಮಂಚಕ್ಕೆ ಚಿಕ್ಕಪ್ಪನವರಿಗೆ ಫೋನ್ ಮಾಡಿದೆ, ಡೆಪಾ ಎಣ್ಣೆಯನ್ನೂ ವಿಚಾರಿಸುತ್ತೇನೆ ಎಂದರು. ಇಷ್ಟನ್ನೂ ಆ ಡಿಕ್ಕಿಯಲ್ಲಿ ಹಿಡಿಸುವುದು ಹೇಗೆ ಎಂಬುದೊಂದೇ ಉಳಿದದ್ದು.

ಬಂದರು_ಮೂಲೆ

ಸೂಟ್‌ಕೇಸ್ ಬಿಟ್ಟುಬಿಡಿ, ಅರ್ಧ ಜಾಗ ಅದೇ ತಿನ್ನುತ್ತದೆ. ಬಟ್ಟೆಯನ್ನೆಲ್ಲ ದಿಂಬಿನ ಕವರಿಗೆ ತುಂಬಿ, ತಲೆಗೊಂದು ಕವರು. ಹಗಲು ಬ್ಯಾಗು, ರಾತ್ರಿ ದಿಂಬು. ರಗ್ಗುಗಳನ್ನು ಮಡಚಿ ಹಿಂದಿನ ಸೀಟಿನ ಮೇಲೆ ಹಾಸಿ, ಮಕ್ಕಳು, ಅಮ್ಮ ಅದರ ಮೇಲೆಯೇ ಕೂರಲಿ. ಪಾತ್ರೆಯ ಒಳಗೆ ಅಕ್ಕಿ, ರವೆ ಡಬ್ಬಿ ಕೂರಿಸಿ. ಭಾರದ್ದೆಲ್ಲ ಡಿಕ್ಕಿಯ ಅಡಿಗೆ, ಸೀಟಿಗೆ ತಾಗಿ. ಟೆಂಟ್, ಟರ್ಪಾಲು, ಮೊಳೆ ಎಲ್ಲದಕ್ಕಿಂತ ಕೊನೆಗೆ ಇಡಿ, ಯಾಕೆಂದರೆ ಅಲ್ಲಿ ಇಳಿದ ಕೂಡಲೇ ಬೇಕಾಗುವುದು ಅದೇ, ಆಗ ಮಳೆ ಹನಿಯುತ್ತಿದ್ದರೆ ಉಳಿದದ್ದನ್ನೆಲ್ಲ ಕೆಸರಿನಲ್ಲಿ ಹರವಬೇಕಾಗಿಲ್ಲ. ಟಾರ್ಚ್, ಔಷಧ ಡಬ್ಬಿ, ಒಂದು ವಾಂತಿ ಚೀಲ ಮುಂದಿನ ಸೀಟಿನ ಹತ್ತಿರ. ಫೋಮ್ ಚಾಪೆ ಹಿಂದಿನ ಗಾಜಿಗೆ ಅಡ್ಡ ಬರುತ್ತದೆ, ಅದನ್ನು ಕಾಲಿನ ಹತ್ತಿರ ನಿಲ್ಲಿಸಿ. ಆ ತಿರುವುಗಳಲ್ಲಿ ಹಿಂದೆ ಯಾರು ಬರುತ್ತಿದ್ದಾರೆ ಎಂದು ಕಾಣಬೇಕು. ಮತ್ತೆ ಐದು ಜನ, ಇಷ್ಟು ಸಾಮಾನು, ಹೊರಡುವ ಹಿಂದಿನ ದಿನ ಟಯರಿಗೆ ಗಾಳಿ ನೋಡಿಸಿ, ಸ್ಟೆಪ್ನಿಗೂ ಸೇರಿಸಿ.